ಕ್ಷೀರವ್ರತದ ಹಾಲು

ಅವರು ನನ್ನನ್ನು ಅಕ್ಕ ಅನ್ನುತ್ತಿದ್ದರು, ನಾನು ಅವರನ್ನು ಅಣ್ಣ ಅನ್ನುತ್ತಿದ್ದೆ. ವಯಸ್ಸಿನಲ್ಲಿ ಅವರು ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು. ಆದರೆ ಉಡುಪಿ ಕಡೆಯವರಿಗೆ ಮರ್ಯಾದೆ ಕೊಡಬೇಕೆನಿಸಿದ ಹೆಂಗಸರೆಲ್ಲ ಅಕ್ಕಂದಿರೇ, ಮುಂಬಯಿ ಸುತ್ತಿನವರಿಗೆ ಇಡ್ಲಿ ಬೇಯಿಸುವ ಗಂಡಸರೆಲ್ಲ ಅಣ್ಣಂದಿರೇ. ಹೀಗಾಗಿ ನಾವಿಬ್ಬರೂ ವರ್ಷಗಟ್ಟಲೆ ಒಬ್ಬರಿಗೊಬ್ಬರು ದೊಡ್ಡವರಾಗಿಯೇ ಉಳಿದೆವು. ಅವರಿಗೊಂದು ಹೆಸರು ಇತ್ತು, ಆದರೆ ಆ ಹೆಸರಿನಿಂದ ಕರೆದವರನ್ನು ನಾನು ಕಂಡಿಲ್ಲ. ಇಲ್ಲಿಯೂ ಬರೆಯುವುದಿಲ್ಲ. ಬರೆದರೆ ಬೇರೆ ಯಾರದೋ ಕಥೆ ಹೇಳಿದಂತಾಗುತ್ತದೆ.

ಡೊಂಬಿವಲಿ ಪೂರ್ವದಲ್ಲಿ ನಮ್ಮದು ಉದ್ದನೆಯ ಗ್ಯಾಲರಿ ಇರುವ ಹಳೆಯ ಕಟ್ಟಡ. ಎರಡನೆಯ ಮಹಡಿಯ ಕೊನೆಯ ಖೋಲಿ ಅವರದು, ಅದರ ಪಕ್ಕದ್ದು ನನ್ನದು ಮತ್ತು ನಮ್ಮವ್ವನದು. ಅವರ ಖೋಲಿ ಅಂದೆನಾದರೂ ಅದು ನಿಜವಾಗಿ ಠಾಣೆಯ ಹೋಟೆಲ್ ಮಾಲೀಕರಿಗೆ ಸೇರಿದ್ದು. ಆ ಹೋಟೆಲಿನ ಮುಖ್ಯ ಅಡುಗೆಯವರು ಇವರು. ಕೆಲಸ ಇರುವವರೆಗೆ ಖೋಲಿ. ಬೆಳಗಿನ ಮೊದಲ ಲೋಕಲ್‌ಗೆ ಹೋಗಿ ಮಧ್ಯಾಹ್ನದ ಊಟದ ಗದ್ದಲ ಮುಗಿಸಿ ಮರಳುತ್ತಿದ್ದರು. ನಾನು ಠಾಣೆಯಲ್ಲೇ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತೆ. ಅವ್ವನ ಮಡಿ ಮೈಲಿಗೆಯ ನಡುವೆ ಬೆಳಗಿನ ತಿಂಡಿ ಹೊತ್ತಿಗೆ ಸರಿಯಾಗಿ ಆಗುತ್ತಿರಲಿಲ್ಲವಾದ್ದರಿಂದ ವಾರದಲ್ಲಿ ಮೂರು ದಿನವಾದರೂ ಆ ಹೋಟೆಲಿನಲ್ಲೇ ನನ್ನ ತಿಂಡಿ. ಅಡುಗೆಮನೆಯ ಕಿಟಕಿಗೆ ಎದುರಾಗಿ ಗೋಡೆ ಪಕ್ಕದ ಮೇಜು ಸಿಕ್ಕರೆ ಅಣ್ಣನ ದರ್ಬಾರು ಪೂರ್ತಿ ಕಾಣುತ್ತಿತ್ತು.

ದರ್ಬಾರೇ ಅದು. ಹುಳಿಯ ಹದ ನೋಡಲು ಸೌಟಿನಿಂದ ಅಂಗೈಗೆ ಸುರಿದುಕೊಂಡು ನೆಕ್ಕುವುದು, ಕಣ್ಣು ಮುಚ್ಚಿ ಒಂದು ಕ್ಷಣ ನಿಲ್ಲುವುದು, ಆಮೇಲೆ ಬೈಗುಳ. ಬೈಗುಳ ತುಳುವಿನಲ್ಲಿ ಶುರುವಾಗಿ ಹಿಂದಿಯಲ್ಲಿ ಮುಗಿಯುತ್ತಿತ್ತು. ಕಾಫಿಯನ್ನು ಮಾತ್ರ ಒಲೆಯಿಂದ ಇಳಿಸಿದ್ದು ಹಾಗೇ ಗಂಟಲಿಗೆ ಬಿಟ್ಟುಕೊಳ್ಳುತ್ತಿದ್ದರು. ಹೊಗೆಯಾಡುವ ಲೋಟ ಎತ್ತಿ ಅವರು ಕುಡಿಯುವುದನ್ನು ನೋಡಿದರೆ ನನ್ನ ನಾಲಿಗೆ ಸುಡುತ್ತಿತ್ತು. ನಾನು ಊದಿಕೊಂಡು ಕುಡಿಯುವಾಗ ಕಿಟಕಿಯಿಂದಲೇ ಕೀಟಲೆ: "ಎಂತ ಅಕ್ಕ, ಕಾಫಿಗೆ ಗಾಳಿ ಹಾಕುದಾ? ಜ್ವರ ಬಂದದಾ ಅದಕ್ಕೆ?"

ಊಟಕ್ಕೆ ಕರೆದರೆ ಅವರ ಉತ್ತರ ಎರಡೇ ಮಾತು, "ನಂದು ಮತ್ತೆ." ಮತ್ತೆ ಅಂದರೆ ಅವರ ಕಡೆ ಆಮೇಲೆ. ಹೋಟೆಲಿನಲ್ಲೂ ಹಾಗೇ, ನಮ್ಮ ಮನೆಯಲ್ಲೂ ಹಾಗೇ. ಗಣಪತಿ ಹಬ್ಬದಲ್ಲಿ ಅವ್ವ ಎಲೆ ಹಾಕಿ ಕಾದರೆ ತಾವೇ ಪಲ್ಯದ ಪಾತ್ರೆ ಕೈಗೆತ್ತಿಕೊಂಡು ನಮಗೆ ಬಡಿಸಿ, "ಮತ್ತೆ ಉಂಡರಾಯ್ತು" ಎಂದು ಕಟ್ಟಿಸಿಕೊಂಡು ಹೋಗುತ್ತಿದ್ದರು. ಎರಡು ಸಾವಿರದ ಐದರ ಜುಲೈ ಮಳೆಗೆ ಗಾಡಿಗಳು ನಿಂತ ಸಂಜೆ ಠಾಣೆಯಲ್ಲಿ ಸಿಕ್ಕಿಬಿದ್ದು ನಾನು ಆ ಹೋಟೆಲಿಗೇ ಹೋದೆ. ಮಾಲೀಕರು ಬಾಗಿಲು ತೆರೆದಿಟ್ಟಿದ್ದರು. ಒದ್ದೆ ಜನರಿಗೆಲ್ಲ ಅಣ್ಣ ಉಪ್ಪಿಟ್ಟು ಬೇಯಿಸಿ ಹಾಕುತ್ತಲೇ ಇದ್ದರು. "ನೀವು ಒಂದು ತುತ್ತು ತಿನ್ರೀ" ಎಂದೆ. ಸೌಟು ತೋರಿಸಿ ನನ್ನನ್ನು ಗದರಿಸಿದರು. ಅಡುಗೆಯವರು ಕೊನೆಗೆ, ಎಲ್ಲರೂ ಎದ್ದ ಮೇಲೆ, ನಿಂತುಕೊಂಡೋ ಮೂಲೆಯಲ್ಲಿ ಕೂತೋ ತಿನ್ನುತ್ತಾರೆಂಬುದು ಆ ಕಸುಬಿನಲ್ಲಿ ರೂಢಿ. ನಮಗೂ ಅದರಲ್ಲಿ ವಿಶೇಷ ಕಾಣಲಿಲ್ಲ.

ಮದುವೆ ಯಾಕಾಗಲಿಲ್ಲವೆಂದು ಅವ್ವ ಒಮ್ಮೆ ನೇರವಾಗಿ ಕೇಳಿದ್ದಳು. ನಮ್ಮವ್ವ ಬಿಜಾಪುರದ ಕಡೆಯವಳು, ಸುತ್ತು ಬಳಸಿ ಕೇಳುವುದು ಅವಳಿಗೆ ಬರುವುದಿಲ್ಲ. ಅವರು ಪಂಚೆಯ ಅಂಚು ಸರಿಮಾಡಿಕೊಳ್ಳುತ್ತ "ಪುರ್ಸೊತ್ತಾಗ್ಲಿಲ್ಲ ಅಮ್ಮ" ಅಂದಿದ್ದರು. ಅವ್ವ ಬಿದ್ದು ಬಿದ್ದು ನಕ್ಕಳು. ನಾನು ನಗಲಿಲ್ಲ. ನನ್ನ ಮದುವೆಯೂ ಹೆಚ್ಚುಕಡಿಮೆ ಅದೇ ಕಾರಣಕ್ಕೆ ನಿಂತದ್ದು. ಊರಿನಲ್ಲಿ ಅವರಿಗೆ ಒಬ್ಬ ತಮ್ಮ, ತಮ್ಮನಿಗೊಬ್ಬ ಮಗ. ವರ್ಷಕ್ಕೊಮ್ಮೆ ಹೋಗುವರು, ನಾಲ್ಕನೆಯ ದಿನಕ್ಕೆ ಬಂದುಬಿಡುವರು. "ಅಲ್ಲಿ ಎಂತ ಮಾಡುದು ಅಕ್ಕ? ತಮ್ಮನ ಹೆಂಡತಿ ಅಡುಗೆಮನೆಗೆ ಬಿಡುದಿಲ್ಲ. ನೆಂಟ್ರ ಹಾಗೆ ಚಾವಡಿಯಲ್ಲಿ ಕೂರಿಸ್ತಾರೆ."

ಅವ್ವನಿಗೂ ಅವರಿಗೂ ಬೆಸುಗೆ ಹಾಕಿದ್ದು ವ್ರತಗಳು. ಇಬ್ಬರೂ ಏಕಾದಶಿಗೆ ನಿರಾಹಾರ. ಇಬ್ಬರೂ ಚಾತುರ್ಮಾಸ್ಯ ಹಿಡಿಯುವವರು. ಗೊತ್ತಿಲ್ಲದವರಿಗೆ ಹೇಳುವುದಾದರೆ, ಮಳೆಗಾಲದಿಂದ ಕಾರ್ತಿಕದವರೆಗೆ ನಾಲ್ಕು ತಿಂಗಳು, ತಿಂಗಳಿಗೊಂದು ತ್ಯಾಗ: ಮೊದಲು ತರಕಾರಿ ಇಲ್ಲ, ಆಮೇಲೆ ಮೊಸರು ಇಲ್ಲ, ಮೂರನೆಯದು ಕ್ಷೀರವ್ರತ, ಆಗ ಹಾಲು ಇಲ್ಲ, ಕೊನೆಗೆ ಬೇಳೆ ಇಲ್ಲ. ಯಾವ ತಿಂಗಳಲ್ಲಿ ಯಾವುದು ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂದು ಇಬ್ಬರೂ ಗ್ಯಾಲರಿಯ ಕಟ್ಟೆಗೆ ಆತು ಗಂಟೆಗಟ್ಟಲೆ ಚರ್ಚೆ ಮಾಡುತ್ತಿದ್ದರು. ಕಚೇರಿಯ ಕ್ಯಾಂಟೀನಿನಲ್ಲಿ ಸಿಕ್ಕಿದ್ದು ತಿನ್ನುವ ನಾನು ಆ ಸಭೆಗೆ ಬಹಿಷ್ಕೃತೆ.

ಮುಂದೊಂದು ವರ್ಷ ಅಣ್ಣನ ನೇಮ ವಿಪರೀತ ಬಿಗಿಯಾಯಿತು. ಮೊದಲು ರಾತ್ರಿಯೂಟ ಬಿಟ್ಟರು, "ಒಪ್ಪತ್ತು" ಅಂದರು. ಬೇಸಗೆ ಕಳೆಯುವುದರೊಳಗೆ ಚಪಾತಿ, ರೊಟ್ಟಿ ಬಿಟ್ಟರು. ಅವ್ವ ಕಳಿಸಿದ ಭಕ್ಕರಿಯನ್ನು ಕೈಮುಗಿದು ಹಿಂದೆ ಕಳಿಸಿದರು. ತರಕಾರಿ ಬಿಡುವ ಶಾಕವ್ರತದಲ್ಲಿ ಗಂಜಿ ಮಾತ್ರ. ಸೋಮವಾರ, ಗುರುವಾರ, ಶನಿವಾರ ಅದೂ ಇಲ್ಲ. ಮೈ ಇಳಿಯಿತು, ಕೊರಳಿನ ಎಲುಬು ಎದ್ದು ಕಂಡವು. ಮಹಡಿಯ ಮರಾಠಿ ಹೆಂಗಸರು ಅವರು ಹಾದುಹೋಗುವಾಗ ಸೆರಗು ಸರಿಮಾಡಿಕೊಂಡು ದಾರಿ ಬಿಡತೊಡಗಿದರು. ಅವ್ವನಂತೂ ನನ್ನ ಕಿವಿ ತೂತು ಮಾಡಿದಳು: "ಹೋಟೆಲಿನಾಗ ದುಡಿದೂ ಎಂಥಾ ನೇಮ ಮಾಡ್ತಾನ ನೋಡು. ಮುಖದಾಗ ಎಂಥಾ ಕಳೆ ಬಂದದ! ನೀನೂ ಇದ್ದೀ, ಏಕಾದಶಿ ದಿನ ಬಟಾಟೆವಡೆ ತಿಂದು ಬಾಯಿ ಒರಸಿಕೊಂಡು ಬರ್ತೀ."

ಗಣಪತಿ ನೀರಿಗೆ ಹೋಗಿಯಾಗಿತ್ತು, ನವರಾತ್ರಿಗೆ ಇನ್ನೂ ಕೆಲವು ದಿನವಿತ್ತು. ನಮ್ಮಲ್ಲಿ ಹಾಲಿನವನು ಬೆಳಗ್ಗೆ ಬಾಗಿಲ ಚಿಲಕಕ್ಕೆ ಚೀಲ ತೂಗುಹಾಕಿ ಹೋಗುತ್ತಾನೆ. ಒಂದು ರವಿವಾರ ಅವ್ವ ಗ್ಯಾಲರಿ ಗುಡಿಸುತ್ತ ಹೋದವಳು ಅವರ ಬಾಗಿಲೆದುರು ನಿಂತಳು. ಚಿಲಕಕ್ಕೆ ಹಾಲಿನ ಚೀಲ ಒಂದಲ್ಲ, ಮೂರು ತೂಗುತ್ತಿದ್ದವು. ಕ್ಷೀರವ್ರತದಲ್ಲಿ!

ಅವ್ವ ಕೆಂಡವಾದಳು. ನಾನು "ಇರಲಿ ಬಿಡವ್ವಾ, ಹೋಟೆಲಿನವರು ಯಾರರೆ ಬರೂದಿರಬೇಕು" ಎಂದು ಸಮಾಧಾನಿಸುವುದರೊಳಗೆ ಬಾಗಿಲು ಬಡಿದೇಬಿಟ್ಟಳು. ಅವರಿಗೆ ಅಂದು ವಾರದ ರಜೆ. ಬಾಗಿಲು ತೆರೆದರು. ಕೈಯಲ್ಲಿ ಚಮಚವಿತ್ತು.

"ತಮ್ಮಾ, ಕ್ಷೀರವ್ರತ ಹಿಡದೀನಿ ಅಂತೀರಿ, ಬಾಗಲಿಗೆ ಹಾಲು ಜೋತಾಡ್ತದ. ಯಾರಿಗಿದು, ಬೆಕ್ಕಿಗೇನು?"

ಅವರು ಚಿಲಕದಿಂದ ಚೀಲಗಳನ್ನು ಬಿಡಿಸಿಕೊಂಡರು. ಬೇರೆ ಏನಾದರೂ ಕೇಳಿದ್ದರೆ ಒಂದು ಹಾರಿಕೆಯ ಉತ್ತರ ಕೊಡುತ್ತಿದ್ದರೇನೋ. ಆದರೆ ಜೊತೆಗೆ ವ್ರತ ಹಿಡಿದವಳ ಎದುರು ವ್ರತದ ವಿಷಯದಲ್ಲಿ ಸುಳ್ಳು ಹೇಳಲು ಅವರಿಗೆ ಬರಲಿಲ್ಲ.

"ಹಾಲು ಮಾತ್ರ ಇಳೀತದೆ ಅಮ್ಮ" ಅಂದರು. "ಬೇರೆ ಎಂತದೂ ಇಳಿಯುದಿಲ್ಲ."

ಅವ್ವನ ಕೈಯ ಪೊರಕೆ ಕೆಳಗಿಳಿಯಿತು. ಅಲ್ಲೇ ಹೊಸ್ತಿಲಲ್ಲಿ ಕೂತು, ಮಗುವನ್ನು ಕೇಳುವ ಹಾಗೆ ಒಂದೊಂದೇ ಕೇಳಿದಳು. ಮೊದಲು ಚಪಾತಿ ಎದೆಯಲ್ಲಿ ನಿಂತಿತಂತೆ, ನೀರು ಕುಡಿದರೆ ಇಳಿಯುತ್ತಿತ್ತಂತೆ. ಗ್ಯಾಸ್ ಎಂದುಕೊಂಡು ಓಮಿನ ನೀರು, ಜೀರಿಗೆ ಸೋಡಾ, ಔಷಧಿ ಅಂಗಡಿಯ ಗುಲಾಬಿ ಸಿರಪ್ಪು ಎಲ್ಲ ಆಯಿತು. ಆಮೇಲೆ ಇಡ್ಲಿ ನಿಂತಿತು, ಆಮೇಲೆ ಕಲಸಿದ ಅನ್ನ. ಮಜ್ಜಿಗೆ ಉರಿಯುತ್ತಿತ್ತು. ಒಂದೊಂದು ತಿನಿಸು ನಿಂತಂತೆ ಒಂದೊಂದು ವ್ರತ ಹೆಸರಿಗೆ ಸಿಕ್ಕಿತು, ನಾವೆಲ್ಲ ಕೈಮುಗಿದೆವು. "ಹಸಿವೆ ಇಲ್ಲ ಅಂತಲ್ಲ ಅಕ್ಕ" ಎಂದು ನನ್ನ ಕಡೆ ತಿರುಗಿದರು. "ಹಸಿವೆ ಉಂಟು. ದಾರಿ ಇಲ್ಲ." ಅಷ್ಟು ತಿಂಗಳು ಊರಿಗೆಲ್ಲ ಬೇಯಿಸಿ ಹಾಕುತ್ತ, ಆ ಘಮದ ನಡುವೆ ಹಸಿದು ನಿಂತಿದ್ದರು.

ಡಾಕ್ಟರ ಹತ್ತಿರ ಹೋಗಲು ಅವರು ಸುತರಾಂ ಒಪ್ಪಲಿಲ್ಲ. ಕಾಯಿಲೆ ಎಂಥದೆಂದು ಅವರಿಗೆ ಅಂದಾಜು ಇತ್ತು, ಹೆಸರು ಮಾತ್ರ ಹೇಳಲಿಲ್ಲ. "ಅಡುಗೆಯವನ ಗಂಟಲಿಗೆ ಕೆಟ್ಟ ರೋಗ ಅಂತ ಗೊತ್ತಾದ್ರೆ ಯಾರು ತಿಂತಾರೆ ಅಕ್ಕ ಆ ಹೋಟೆಲಲ್ಲಿ? ಮಾಲೀಕರು ಒಳ್ಳೆಯವರೇ. ಊರಿಗೆ ಹೋಗಿ ವಿಶ್ರಾಂತಿ ತಗೊಳ್ಳಿ ಅಂತಾರೆ. ಊರಲ್ಲಿ ನಂಗೆ ಯಾವ ಅಡುಗೆಮನೆ ಉಂಟು?" ಇದು ಅಂಟುವ ರೋಗವಲ್ಲ ಎಂದು ನಾನು ಹೇಳಿದೆ. "ನಿಮಗೆ ಗೊತ್ತುಂಟು, ಗಿರಾಕಿಗೆ ಗೊತ್ತುಂಟಾ?" ಎಂದರು. ಒಲೆ ಹೋದರೆ ಖೋಲಿ ಹೋಗುತ್ತದೆ, ಎರಡೂ ಹೋದರೆ ಈ ಮನುಷ್ಯ ಎಲ್ಲಿಯವನೂ ಅಲ್ಲ. ಅದು ನನಗೆ ಅರ್ಥವಾಗುತ್ತಿತ್ತು. ಆದರೆ ಹೀಗೇ ಬಿಟ್ಟರೆ ಮನುಷ್ಯನೇ ಉಳಿಯುವುದಿಲ್ಲವೆಂಬುದೂ ಕಣ್ಣಿಗೆ ಕಾಣುತ್ತಿತ್ತು. ಕೊನೆಗೆ ಒಪ್ಪಿಸಿದ್ದು ಅವ್ವ. "ನೀವು ಹೋಗೂತನ ನಾನೂ ಅನ್ನ ಮುಟ್ಟಂಗಿಲ್ಲ" ಎಂದು ಕೂತಳು. ಸಂಜೆಯ ಹೊತ್ತಿಗೆ ಅಂಗಿ ಹಾಕಿಕೊಂಡು ಬಂದರು.

ನಮ್ಮ ಓಣಿಯ ಡಾಕ್ಟರು ಕೇಳಿದ್ದು ಎರಡು ಪ್ರಶ್ನೆ. ಮೊದಲು ಗಟ್ಟಿ ನಿಂತು ಆಮೇಲೆ ಮೆತ್ತಗಿನದು ನಿಂತಿತೇ? ಪ್ಯಾಂಟು ಸಡಿಲವಾಗಿದೆಯೇ? ಎರಡಕ್ಕೂ ಹೌದು ಅಂದದ್ದೇ ತಡ, ಸಿರಪ್ಪು ಗಿರಪ್ಪು ಬರೆಯದೆ ಠಾಣೆಗೆ ಎಂಡೋಸ್ಕೋಪಿಗೆ ಕಳಿಸಿದರು. ಬಾಯಿಂದ ತೆಳ್ಳನೆಯ ಕೊಳವೆ ಇಳಿಸಿ ಒಳಗಿನದನ್ನು ಪರದೆಯ ಮೇಲೆ ನೋಡುವ ಪರೀಕ್ಷೆ ಅದು. ಗಂಟಲು ಮರಗಟ್ಟಲು ಔಷಧಿ ಸಿಂಪಡಿಸಿದಾಗ ಅಣ್ಣ ಮುಖ ಕಿವುಚಿ, "ಲವಂಗ ಜಾಸ್ತಿ ಆದ ಹಾಗೆ ಉಂಟು" ಎಂದು ನರ್ಸಿಗೆ ಹೇಳಿದರಂತೆ. ನಾನು ಹೊರಗೆ ಕೂತಿದ್ದೆ.

ಪರೀಕ್ಷೆ ಮಾಡಿದ್ದು ಒಬ್ಬ ಚಿಕ್ಕ ವಯಸ್ಸಿನ ಮರಾಠಿ ಡಾಕ್ಟರಮ್ಮ. ನನ್ನನ್ನು ಒಳಗೆ ಕರೆದು ಮೊದಲು ಕೇಳಿದ್ದು, "ಇವರಿಗೆ ನೀವು ಏನಾಗಬೇಕು?" "ಬಾಜೂವಾಲಿ" ಅಂದೆ. ಮನೆಯವರು ಯಾರೂ ಇಲ್ಲವೇ ಎಂದಳು. ಇಲ್ಲ ಅನ್ನಲು ಮನಸ್ಸು ಬರಲಿಲ್ಲ. ಅನ್ನನಾಳದ ನಡುಮಧ್ಯೆ ಗಂಟು ಬೆಳೆದಿತ್ತು, ಕ್ಯಾಮೆರಾ ದಾಟಲೂ ಜಾಗವಿರಲಿಲ್ಲ. ಒಂದು ಚೂರು ತೆಗೆದು ಬಯಾಪ್ಸಿಗೆ ಕಳಿಸಿದ್ದಾಳೆ, ಆದರೆ ನೋಡಿದರೆ ತಿಳಿಯುತ್ತದೆ ಎಂದಳು. ತಂಬಾಕು? ಎಲೆಅಡಿಕೆಯ ಜೊತೆ ಪ್ರಾಯದಲ್ಲಿ ಹಾಕುತ್ತಿದ್ದರು, ಬಿಟ್ಟು ಕಾಲವಾಯಿತು. ಬಿಸಿ ಬಿಸಿ ಕುಡಿಯುತ್ತಿದ್ದರಾ? ಅಣ್ಣ ಮಂಚದ ಮೇಲಿಂದಲೇ, ಯಾರೋ ಪ್ರಶಸ್ತಿ ಕೊಡಲು ಬಂದ ಹಾಗೆ, ಒಲೆಯಿಂದ ಇಳಿಸಿದ್ದು ಹಾಗೇ ಕುಡಿಯುವ ಸಂಗತಿ ಹರಕು ಹಿಂದಿಯಲ್ಲಿ ಹೇಳಿದರು. ಅದೂ ಒಂದು ಕಾರಣವಾಗಿರಬಹುದು ಎಂದಳು ಹುಡುಗಿ. ಆಮೇಲೆ ಅವರ ಮೊಣಕೈ ಹಿಡಿದು, "ಕಾಕಾ, ಚಪಾತಿ ಅಟಕ್‌ನೇ ಲಗೀ, ತಭೀ ಆನಾ ಥಾ ನಾ" ಅಂದಳು, ಚಪಾತಿ ಸಿಕ್ಕಿಕೊಳ್ಳತೊಡಗಿದಾಗಲೇ ಬರಬೇಕಿತ್ತು ಎಂದು. ಬೈದದ್ದಲ್ಲ. ಅವಳ ಕಣ್ಣು ತುಂಬಿತ್ತು.

ಬಯಾಪ್ಸಿ ಅದನ್ನೇ ಹೇಳಿತು. ಅಲ್ಲಿಂದ ನವಿ ಮುಂಬಯಿಯ ದೊಡ್ಡ ಆಸ್ಪತ್ರೆಗೆ. ಠಾಣೆಯಲ್ಲಿ ಗಾಡಿ ಬದಲಿಸಿ, ಸಮುದ್ರದ ಖಾಡಿಯ ಕಡೆಗೆ ಹೋಗುವ ಆ ಲೈನಿನಲ್ಲಿ ಕಿಟಕಿಯ ಪಕ್ಕ ಅವರು, ಎದುರಿಗೆ ನಾನು. ಮೊದಲ ಸಲ ಸರ್ಜನ್ನರು ಬಿಳಿ ಹಾಳೆಯ ಮೇಲೆ ಚಿತ್ರ ಬರೆದು ತಿಳಿಸಿದರು: ಕೀಮೋ, ರೇಡಿಯೇಷನ್ ಕೊಟ್ಟು ಗಂಟು ಕರಗಿಸಿ, ಆಮೇಲೆ ಕೆಟ್ಟ ನಾಳ ತೆಗೆದು ಹೊಟ್ಟೆಯನ್ನೇ ಮೇಲೆಳೆದು ಕುತ್ತಿಗೆಯ ಹತ್ತಿರ ಜೋಡಿಸುವುದು. ಅದಕ್ಕೂ ಮೊದಲು ರೋಗ ಬೇರೆಲ್ಲೂ ಹೋಗಿಲ್ಲವೆಂದು ಸ್ಕ್ಯಾನ್‌ನಲ್ಲಿ ಕಾಣಬೇಕು. ಮರಳುವಾಗ ಗಾಡಿಯಲ್ಲಿ ಅಣ್ಣನಿಗೆ ಎಲ್ಲಿಲ್ಲದ ಉತ್ಸಾಹ. "ಹೊಟ್ಟೆಯನ್ನೇ ಕುತ್ತಿಗೆಗೆ ತರ್ತಾರಂತೆ! ಹಾಗಾದ್ರೆ ನುಂಗುವ ಕೆಲಸವೇ ಇಲ್ಲ ಮಾರಾಯ್ರೆ, ಬಾಯಿಗೆ ಇಟ್ಟದ್ದು ಸೀದಾ ಹೊಟ್ಟೆಗೆ." ಎದುರಿನ ಸೀಟಿನವರೆಲ್ಲ ತಿರುಗಿ ನೋಡುವಷ್ಟು ನಕ್ಕರು. ಆ ಒಂದು ವಾರ ನಾನೂ ನಂಬಿದೆ.

ಸ್ಕ್ಯಾನಿನಲ್ಲಿ ಯಕೃತ್ತಿನ ಮೇಲೆ ಚುಕ್ಕಿಗಳು ಕಂಡವು. ಆಪರೇಷನ್ನಿನ ಮಾತು ಅಲ್ಲಿಗೆ ಮುಗಿಯಿತು. ಕೀಮೋದಿಂದ ಬೆಳೆಯುವುದನ್ನು ತಡೆದು ನೋಡಬಹುದು, ನಾಳದಲ್ಲಿ ಜಾಲರಿಯ ಕೊಳವೆ ಕೂರಿಸಿದರೆ ಮೆತ್ತಗಿನದು ಇಳಿಯುತ್ತದೆ. ಸ್ಟೆಂಟ್ ಅನ್ನುತ್ತಾರೆ. ಅಣ್ಣ ಕೇಳಿದ್ದು ಒಂದೇ, "ಅನ್ನ ಇಳಿತದಾ?" ಇಳಿಯುತ್ತದೆ ಎಂದರು ಡಾಕ್ಟರು. ಎಷ್ಟು ದಿನ ಎಂದು ಇವರು ಕೇಳಲಿಲ್ಲ, ಅವರು ಹೇಳಲಿಲ್ಲ.

ಕೀಮೋದ ದಿನ ರಜೆ ಸಿಕ್ಕರೆ ನಾನು ಹೋಗುತ್ತಿದ್ದೆ, ಸಿಗದಿದ್ದರೆ ಅವರೊಬ್ಬರೇ. ಆ ದೊಡ್ಡ ಕೋಣೆಯಲ್ಲಿ ಒಬ್ಬೊಬ್ಬ ರೋಗಿಯ ಸುತ್ತ ಮೂರು ಮೂರು ಜನ, ಡಬ್ಬಿಗಳು, ಥರ್ಮಾಸುಗಳು, ಜಗಳಗಳು. ಇವರ ಪಕ್ಕದ ಕುರ್ಚಿಯ ಮೇಲೆ ಇವರ ಚೀಲ. ನಾನು ಹೋಗದಿದ್ದ ದಿನಗಳ ವರದಿಯೂ ತಮಾಷೆಯದೇ: ಯಾರ ಡಬ್ಬಿಯಲ್ಲಿ ಏನಿತ್ತು, ಆಸ್ಪತ್ರೆಯ ಕ್ಯಾಂಟೀನಿನವನು ರವೆ ಹುರಿಯದೆ ಉಪ್ಪಿಟ್ಟು ಮಾಡಿದ್ದು ವಾಸನೆಯಿಂದಲೇ ಹೇಗೆ ತಿಳಿಯಿತು. ಕೇಳುತ್ತ ಕೇಳುತ್ತ ನನಗೆ ಸಿಟ್ಟು ಬರುತ್ತಿತ್ತು, ಯಾರ ಮೇಲೆಂದು ತಿಳಿಯುತ್ತಿರಲಿಲ್ಲ.

ಮಾಲೀಕರಿಗೆ ತಿಳಿಯದೆ ಇರುತ್ತದೆಯೇ? ತಿಳಿಯಿತು. ಅವರು ಬೈಯಲಿಲ್ಲ, ಖೋಲಿ ಬಿಡಿಸಲಿಲ್ಲ, ಆಸ್ಪತ್ರೆಯ ಖರ್ಚಿಗೂ ಕೈ ಹಚ್ಚಿದರು. ಒಲೆಗೆ ಮಾತ್ರ ಬೇರೆಯವರು ಬಂದರು. ಆಮೇಲೆ ಒಂದು ಬೆಳಗ್ಗೆ ನಾನು ತಿಂಡಿಗೆ ಹೋದಾಗ ಅಣ್ಣ ಗಿರಾಕಿಗಳ ಮೇಜಿನಲ್ಲಿ ಕೂತಿದ್ದರು. ನೋಡಿಹೋಗಲು ಬಂದ ಅವರನ್ನು ಹೋಟೆಲಿನವರೆಲ್ಲ ಸೇರಿ ಪ್ರೀತಿಯಿಂದ ಕೂರಿಸಿ, ಫ್ಯಾನು ಜೋರು ಮಾಡಿ, ಮುಂದೆ ತುಪ್ಪ ಸೋರುವ ಶಿರಾ ಇಟ್ಟಿದ್ದರು. ಅಷ್ಟು ವರ್ಷಗಳಲ್ಲಿ ಅವರು ಆ ಹೋಟೆಲಿನ ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲಿರಬೇಕು. ತಟ್ಟೆಯ ಎರಡೂ ಬದಿಗೆ ಕೈ ಇಟ್ಟುಕೊಂಡು, ಶಿರಾ ಆರುವ ತನಕ ಕೂತಿದ್ದರು. ಇನ್ನೂ ಸ್ಟೆಂಟ್ ಹಾಕಿರಲಿಲ್ಲ. ನಾನು ಎದುರಿಗೆ ಕೂರಲು ಹೋದರೆ, "ನಿಮ್ಮ ಗಾಡಿ ತಪ್ತದೆ ಅಕ್ಕ" ಅಂದರು. ನನ್ನ ಕಚೇರಿ ಅಲ್ಲಿಂದ ಎರಡು ಗಲ್ಲಿ ದೂರ. ನನಗೆ ಹಿಡಿಯಲು ಯಾವ ಗಾಡಿಯೂ ಇರಲಿಲ್ಲ. ಎದ್ದು ಹೋದೆ.

ಸ್ಟೆಂಟ್ ಹಾಕಿದ ಮೇಲೆ ನಿಜವಾಗಿಯೂ ಇಳಿಯಿತು. ನುಣ್ಣಗೆ ಕಿವುಚಿದ ಅನ್ನ, ರಾಗಿ ಅಂಬಲಿ, ತೆಳ್ಳಗಿನ ತೊವ್ವೆ. ನೆಟ್ಟಗೆ ಕೂತು, ಚೂರು ಚೂರೇ, ನಡುವೆ ಗುಟುಕು ನೀರು, ಮಲಗುವಾಗ ತಲೆಗೆ ಎರಡು ದಿಂಬು. ಆಸ್ಪತ್ರೆಯವರು ಹೇಳಿದ್ದನ್ನು ಅವರು ವ್ರತದ ಹಾಗೇ ಪಾಲಿಸಿದರು. ಅವ್ವ ದಿನವೂ ಡಬ್ಬಿ ಕಳಿಸುತ್ತಿದ್ದಳು. "ಇಲ್ಲೇ ಬಂದು ಕೂಡ್ರಿ, ನಾವೂ ಉಣ್ತೀವಿ" ಎಂದು ಎಷ್ಟು ಕರೆದರೂ ಬರಲಿಲ್ಲ. ತಿನ್ನುವಾಗ ಕೆಮ್ಮು ಬರುತ್ತದೆ, ಒಮ್ಮೊಮ್ಮೆ ಮೇಲೆ ಬರುತ್ತದೆ, ನಿಮ್ಮ ಊಟ ಕೆಡುತ್ತದೆ ಎನ್ನುವರು. ಬಾಗಿಲು ಹಾಕಿಕೊಂಡು ಉಣ್ಣುವರು. ಗೋಡೆಯ ಈಚೆ ನಾವಿಬ್ಬರು, ಆಚೆ ಅವರು, ನಡುವೆ ಕೆಮ್ಮು ಕೇಳುತ್ತಿತ್ತು. ಡಬ್ಬಿ ತೊಳೆದು, ಬರಿದು ಕೊಡಬಾರದೆಂದು ತಳಕ್ಕೆ ಒಂದು ಚಿಟಿಕೆ ಸಕ್ಕರೆ ಹಾಕಿ ತಂದುಕೊಡುವರು. ಹೇಗಿತ್ತು ಎಂದು ಅವ್ವ ಕೇಳುವಳು. "ಲಾಯ್ಕಿತ್ತು ಅಮ್ಮ." ಉಪ್ಪು ಮರೆತ ದಿನವೂ ಲಾಯ್ಕೇ ಇತ್ತು.

ಮಾವಿನ ಕಾಲಕ್ಕೆ ಕಣ್ಣು ಹಳದಿಯಾದವು. ತಮ್ಮನ ಮಗ ಊರಿಂದ ಬಂದ. ಮಿತಭಾಷಿ, ವಿಧೇಯ. ದೊಡ್ಡಪ್ಪನ ಚೀಲವನ್ನು ತಾನೇ ತುಂಬಿದ. ಠಾಣೆ ಸ್ಟೇಷನ್ನಿಗೆ ನಾನೂ ಅವ್ವನೂ ಹೋಗಿದ್ದೆವು. ಊರಿಗೆ ಹೋಗುವುದು ಬೇಡವೆಂದು ಅಷ್ಟು ಹೆಣಗಿದ ಮನುಷ್ಯ ತಾವೇ ಗಾಡಿ ಹತ್ತಿ ಕೆಳಗಿನ ಬರ್ತಿನಲ್ಲಿ ಒರಗಿ ಕೂತರು. ಗಾಡಿ ಹೊರಡುವ ಮೊದಲು ಅವ್ವ ಕಿಟಕಿಯ ಸರಳಿನಿಂದ ಕೈ ಹಾಕಿ ಅವರ ತಲೆ ಮುಟ್ಟಿದಳು. ಅವರು ನನ್ನನ್ನು ನೋಡಿ, "ಅಮ್ಮನ ಜೊತೆ ಕೂತು ಊಟ ಮಾಡಿ ಅಕ್ಕ, ನಿಂತ್ಕೊಂಡು ತಿನ್ನುದು ಬೇಡ" ಅಂದರು. ಮೂರು ವಾರ ಕೂಡ ಕಳೆಯಲಿಲ್ಲ, ಹೋಗಿಬಿಟ್ಟರು.

ಸುದ್ದಿ ತಿಳಿಸಲು ಒಮ್ಮೆ ಫೋನ್ ಮಾಡಿದ್ದ ಆ ಹುಡುಗ ಎಂಟು ಹತ್ತು ದಿನ ಬಿಟ್ಟು ಮತ್ತೆ ಮಾಡಿದ. ನಾನು ಕಚೇರಿಯಿಂದ ಆಗಷ್ಟೇ ಬಂದಿದ್ದೆ. ಕೆಲಸಗಳೆಲ್ಲ ಸಾಂಗವಾಗಿ ನಡೆದಿವೆ, ನಾಡಿದ್ದು ವೈಕುಂಠ ಸಮಾರಾಧನೆ, ಅಡುಗೆ ಭಟ್ಟರಿಗೆ ಹೇಳಬೇಕು ಎಂದ. ಆಮೇಲೆ ಸ್ವಲ್ಪ ತಡವರಿಸಿ,

"ಒಂದು ಕೇಳುದಿತ್ತು ಅಕ್ಕ. ಹೋದವರಿಗೆ ಇಷ್ಟದ್ದು ಒಂದಾದ್ರೂ ಮಾಡಿ ಬಡಿಸ್ಬೇಕಲ್ಲ. ದೊಡ್ಡಪ್ಪನಿಗೆ ತಿನ್ಲಿಕ್ಕೆ ಎಂತ ಇಷ್ಟ ಇತ್ತು?"

"ಮನ್ಯಾಗ ಯಾರಿಗೂ ಗೊತ್ತಿಲ್ಲೇನು?" ಅಂದೆ.

"ಅಪ್ಪನಿಗೆ ಗೊತ್ತಿಲ್ಲ. ಹೋಟೆಲಿಗೂ ಫೋನ್ ಮಾಡಿದೆ. ಅವರೆಲ್ಲ ಒಬ್ಬರಿಗೊಬ್ಬರು ಕೇಳಿ, ನಿಮ್ಮತ್ರ ಕೇಳ್ಲಿಕ್ಕೆ ಹೇಳಿದ್ರು."

ಫೋನಿನ ಮೇಲೆ ಕೈ ಮುಚ್ಚಿ ಅವ್ವನನ್ನು ಕೇಳಿದೆ. ಅವ್ವ ತುಂಬ ಹೊತ್ತು ಯೋಚಿಸಿದಳು. ಬತ್ತಿ ಹೊಸೆಯುತ್ತಿದ್ದ ಕೈ ನಿಂತೇಬಿಟ್ಟಿತು. ನಾನು ಫೋನಿಗೆ, "ನಮಗೂ ಗೊತ್ತಿಲ್ಲಪ್ಪಾ" ಅಂದೆ.

"ತೊಂದ್ರೆ ಇಲ್ಲ ಅಕ್ಕ" ಎಂದ ಹುಡುಗ. ನನ್ನ ಧ್ವನಿ ಕೇಳಿ ನನ್ನನ್ನೇ ಸಮಾಧಾನಪಡಿಸುವ ಹಾಗೆ ಹೇಳಿದ. "ಕಡ್ಲೆಬೇಳೆ ಪಾಯಸ ಮಾಡಿಸ್ತೇವೆ. ಅದು ಎಲ್ರಿಗೂ ಆಗ್ತದೆ."